ಗೋದಲಿಯ ಎತ್ತು, ಜಾಲಿಯ ಮರ: ಕ್ರಿಸ್ಮಸ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ರಿಸ್ಮಸ್ ಬಗ್ಗೆಯೇ ಇವೆ. ನನಗೆ ಖುಷಿಯಾಯಿತು. ನಾನು ಹುಟ್ಟಿದ್ದು ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದ ಕ್ರೈಸ್ತರು ಬಾಳಿಕೊಂಡು ಬಂದ ಊರು ಅದು. ಕನ್ನಡ ಟೀಚರಾಗಿ ಮೂವತ್ತು ವರ್ಷ ದುಡಿದದ್ದು ಬಳ್ಳಾರಿಯಲ್ಲಿ. ಈಗ ಮನೆ ಇರುವುದು ಕೌಲ್ ಬಜಾರಿನಲ್ಲಿ. ಈ ಹಬ್ಬ ನನಗೆ ಮನೆಯ ಹಬ್ಬ. ಹಾಗಾಗಿ ಉತ್ತರಗಳು ಅಲ್ಲಲ್ಲಿ ಉದ್ದವಾಗಿವೆ.

ಟೀಚರ್, ನಾನು ಎಂಟನೇ ಕ್ಲಾಸ್. ನಮ್ಮ ಮನೆಯಲ್ಲಿ ಜಾಲಿ ಕೊಂಬೆಗೆ ಹತ್ತಿ ಹಚ್ಚಿ ಕ್ರಿಸ್ಮಸ್ ಮರ ಮಾಡುತ್ತೇವೆ. ‘ಇದು ನಿಜವಾದ ಮರ ಅಲ್ಲ, ಅಂಗಡಿಯಿಂದ ತರಬೇಕು’ ಅಂತ ಗೆಳತಿ ಅಂದಳು. ನಿಜವಾದ ಮರ ಯಾವುದು? (ಗಂಗಾವತಿಯ ವಿದ್ಯಾರ್ಥಿನಿ)

ಪುಟ್ಟೀ, ನಿನ್ನ ಪತ್ರ ಓದಿ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. ನಮ್ಮ ಮನೆಯಲ್ಲೂ ಜಾಲಿ ಮರವೇ ಇತ್ತು. ಅಪ್ಪ ಹಳ್ಳದ ದಂಡೆಯಿಂದ ಬಳ್ಳಾರಿ ಜಾಲಿಯ ದೊಡ್ಡ ಕೊಂಬೆ ಕಡಿದು ತರುತ್ತಿದ್ದರು. ಕೈ ಹಿಡಿಯುವ ಕಡೆ ಮಾತ್ರ ಮುಳ್ಳು ಸವರಿ, ಉಳಿದದ್ದನ್ನು ಹಾಗೇ ಬಿಡುತ್ತಿದ್ದರು. ಹತ್ತಿ ನಿಲ್ಲಬೇಕಲ್ಲ, ಅದಕ್ಕೆ. ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಒಂದು ಚೀಲ ಅರಳೆ ತಂದುಕೊಡುತ್ತಿದ್ದ. ಒಂದೊಂದು ಮುಳ್ಳಿಗೂ ಚಿಟಿಕೆ ಅರಳೆ ಸಿಕ್ಕಿಸುವುದು ಮಕ್ಕಳ ಕೆಲಸ. ಬೆರಳಿಗೆ ಚುಚ್ಚಿ ರಕ್ತ ಬಂದರೆ ಅದೇ ಅರಳೆಯಿಂದ ಒರೆಸಿಕೊಳ್ಳುವುದು. ಎಣ್ಣೆ ಡಬ್ಬಿಗೆ ಸುಣ್ಣ ಬಳಿದು, ಒಳಗೆ ಇಟ್ಟಿಗೆ ತುಂಡು ತುಂಬಿ ಕೊಂಬೆ ನಿಲ್ಲಿಸಿದರೆ ಮರ ಸಿದ್ಧ. ಹಿಮ ಯಾರು ಕಂಡಿದ್ದರು? ನಮಗೆ ಅದು ಹತ್ತಿ ಹೊಲವೇ ಮನೆಯೊಳಗೆ ಬಂದ ಹಾಗೆ ಕಾಣುತ್ತಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬೈಬಲಿನಲ್ಲಿ ಕ್ರಿಸ್ಮಸ್ ಮರದ ಮಾತೇ ಇಲ್ಲ. ಈ ಪದ್ಧತಿ ಶುರುವಾಗಿದ್ದು ಜರ್ಮನ್ ಮಾತಾಡುವ ನಾಡುಗಳಲ್ಲಿ, ಸುಮಾರು ಐನೂರು ವರ್ಷದ ಹಿಂದೆ. ಅಲ್ಲಿ ಡಿಸೆಂಬರ್ 24 ಆದಾಮ ಮತ್ತು ಹವ್ವಳ ದಿನ. ಅವರ ಕಥೆಯನ್ನು ನಾಟಕ ಆಡುತ್ತಿದ್ದರು. ನಾಟಕಕ್ಕೆ ಏದೆನ್ ತೋಟದ ಮರ ಬೇಕು. ಚಳಿಗಾಲದಲ್ಲಿ ಅಲ್ಲಿ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿರುತ್ತವೆ, ಹಸಿರಾಗಿ ಉಳಿಯುವುದು ಫರ್ ಜಾತಿಯ ಮರ. ಅದನ್ನೇ ತಂದು ಸೇಬು ಕಟ್ಟುತ್ತಿದ್ದರು. ಕ್ರಿಸ್ಮಸ್ ಮರಕ್ಕೆ ಇದೇ ಮೂಲ ಎಂದು ಹಲವರು ಹೇಳುತ್ತಾರೆ. ಸ್ಟ್ರಾಸ್‌ಬರ್ಗ್ ಎಂಬ ಊರಿನ 1605ರ ಬರಹವೊಂದರಲ್ಲಿ, ಜನ ಮನೆಯೊಳಗೆ ಫರ್ ಮರ ನಿಲ್ಲಿಸಿ ಕಾಗದದ ಗುಲಾಬಿ, ಸೇಬು, ಸಿಹಿ ತಿಂಡಿ ಕಟ್ಟುತ್ತಾರೆ ಎಂದಿದೆ.

ಇಂಗ್ಲೆಂಡಿನ ಜನಸಾಮಾನ್ಯರ ಮನೆಗೆ ಮರ ಬಂದದ್ದು ಎಷ್ಟೋ ವರ್ಷದ ಮೇಲೆ. ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಜರ್ಮನಿಯವರು. 1848ರಲ್ಲಿ ಲಂಡನ್ನಿನ ಒಂದು ಪತ್ರಿಕೆ, ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಅಚ್ಚು ಹಾಕಿತು. ಆಮೇಲೆ ಎಲ್ಲರಿಗೂ ಮರ ಬೇಕಾಯಿತು. ಮೊದಲು ಮೇಣದ ಬತ್ತಿ ಹಚ್ಚುತ್ತಿದ್ದರು. ಕರೆಂಟಿನ ಬಲ್ಬು ಹಾಕಿದ ಮೊದಲಿಗರು ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್. 1882ರಲ್ಲಿ, ನ್ಯೂಯಾರ್ಕಿನ ತಮ್ಮ ಮನೆಯಲ್ಲಿ, 80 ಬಲ್ಬು.

ನೋಡು ಪುಟ್ಟೀ, ಆ ಜನ ತಮ್ಮೂರಲ್ಲಿ ಸಿಗುವ ಮರ ತಂದರು. ನಿಮ್ಮ ಮನೆಯವರೂ ಅದನ್ನೇ ಮಾಡಿದ್ದಾರೆ. ಇನ್ನೊಂದು ವಿಷಯ ನಿನ್ನ ಗೆಳತಿಗೆ ಹೇಳು. ಬಳ್ಳಾರಿ ಜಾಲಿಯೂ ನಮ್ಮ ದೇಶದ್ದಲ್ಲ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಇಲ್ಲಿಗೆ ತಂದ ಗಿಡ. ಇವತ್ತು ಅದರ ಹೆಸರಲ್ಲೇ ಬಳ್ಳಾರಿ ಇದೆ. ಹಚ್ಚು ಮಗಾ ಹತ್ತಿ, ಧಾರಾಳವಾಗಿ ಹಚ್ಚು.

ಯೇಸು ಹುಟ್ಟಿದ್ದು ಡಿಸೆಂಬರ್ 25ಕ್ಕೇ ಎಂದು ಬೈಬಲಿನಲ್ಲಿ ಇದೆಯೇ? (ಸಿರುಗುಪ್ಪದ ಓದುಗರು)

ಇಲ್ಲ. ತಾರೀಖೂ ಇಲ್ಲ, ತಿಂಗಳೂ ಇಲ್ಲ. 354ರಲ್ಲಿ ರೋಮಿನಲ್ಲಿ ತಯಾರಾದ ಒಂದು ಪಂಚಾಂಗದಲ್ಲಿ ಈ ತಾರೀಖು ಸಿಗುತ್ತದೆ. ಅದರಲ್ಲಿರುವ ಪಟ್ಟಿ 336ರ ಹೊತ್ತಿನದು ಎನ್ನುತ್ತಾರೆ. ಈ ದಿನ ಯಾಕೆ ಅನ್ನುವುದಕ್ಕೆ ಎರಡು ವಾದ ಇವೆ. ಚಳಿಗಾಲದಲ್ಲಿ ಹಗಲು ಮತ್ತೆ ಬೆಳೆಯಲು ಶುರುವಾಗುವ ಹೊತ್ತಿಗೆ ರೋಮನ್ನರಿಗೆ ಸೂರ್ಯನ ಹಬ್ಬ ಇತ್ತು. ಔರೇಲಿಯನ್ ಚಕ್ರವರ್ತಿ 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ಗುಡಿಯನ್ನೂ ಕಟ್ಟಿಸಿದ್ದ. ಆ ದಿನವನ್ನೇ ಕ್ರೈಸ್ತರು ತಮ್ಮದಾಗಿ ಮಾಡಿಕೊಂಡರು ಎಂಬುದು ಒಂದು ವಾದ. ಮರಿಯಮ್ಮ ಗರ್ಭ ಧರಿಸಿದ್ದು ಮಾರ್ಚ್ 25ಕ್ಕೆ ಎಂದು ಹಳೆಯ ಕ್ರೈಸ್ತರು ನಂಬಿದ್ದರು, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಬಸುರಿ ಹೆಂಗಸಿರುವ ಮನೆಯಲ್ಲಿ ಎಲ್ಲರೂ ಮಾಡುವ ಲೆಕ್ಕ ಅದು.

ರಷ್ಯಾ, ಇಥಿಯೋಪಿಯಾ ಕಡೆಯ ಚರ್ಚುಗಳಲ್ಲಿ ಹಬ್ಬ ಜನವರಿ 7ಕ್ಕೆ. 1582ರಲ್ಲಿ ಪೋಪ್ ಕ್ಯಾಲೆಂಡರ್ ತಿದ್ದಿಸಿದರು. ಆ ಚರ್ಚುಗಳು ಹಬ್ಬಗಳಿಗೆ ಹಳೆಯ ಲೆಕ್ಕವನ್ನೇ ಇಟ್ಟುಕೊಂಡವು.

ಟೀಚರಮ್ಮ, ಹೋದ ವರ್ಷ ಗೆಳೆಯ ಕರೆದನೆಂದು ಚರ್ಚಿಗೆ ಹೋಗಿದ್ದೆ. ಅಲ್ಲಿ ಗೋದಲಿ ಮಾಡಿದ್ದರು. ಕೂಸಿನ ಪಕ್ಕದಲ್ಲಿ ಎತ್ತು, ಕತ್ತೆ ಇದ್ದವು. ನಾನು ಒಕ್ಕಲುತನದವನು. ಎತ್ತು ಅಲ್ಲಿಗೆ ಹೇಗೆ ಬಂತು? (ಕುಷ್ಟಗಿಯ ರೈತರು)

ಅಣ್ಣಾ, ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಎಷ್ಟೋ ವರ್ಷದಿಂದ ಕಾಯುತ್ತಿದ್ದೆ.

ಮೊದಲು ಗೋದಲಿ ಎಂಬ ಮಾತು ನೋಡೋಣ. ನಿಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ದನಕ್ಕೆ ಮೇವು ಹಾಕುವ ಜಾಗ. ಲೂಕನು ಬರೆದ ಸುವಾರ್ತೆಯಲ್ಲಿ, ಮರಿಯಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು ಎಂದಿದೆ. ಕನ್ನಡ ಬೈಬಲಿನಲ್ಲಿ ಇರುವುದು ಇದೇ ಮಾತು. ಬೈಬಲ್ ಮೊದಲು ಕನ್ನಡಕ್ಕೆ ಬಂದದ್ದು ನಮ್ಮ ಬಳ್ಳಾರಿಯಲ್ಲಿ ನಡೆದ ಕೆಲಸದಿಂದ, ಗೊತ್ತಾ? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು, ಕನ್ನಡ ಕಲಿತರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು.

ಮುದಗಲ್ಲಿನ ನಮ್ಮ ಹಳೆಯ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ. ಎರಡು ಮೆಟ್ಟಿಲು ಹತ್ತಿದರೆ ನಾವು ಮಲಗುವ ಪಡಸಾಲೆ. ರಾತ್ರಿ ಎಚ್ಚರವಾದರೆ ಎತ್ತು ಮೆಲುಕು ಹಾಕುವ ಸದ್ದು, ಕೊರಳ ಗಂಟೆಯ ಸಣ್ಣ ಸದ್ದು ಕೇಳುತ್ತಿತ್ತು. ಅಜ್ಜಿ ಹೇಳುತ್ತಿದ್ದಳು: “ದೇವ್ರು ಹುಟ್ಟಿದ್ದು ಗ್ವಾದಲ್ಯಾಗ ನೋಡವಾ. ನಮ್ಮನ್ಯಾಗೂ ಗ್ವಾದಲಿ ಐತಿ.” ಯೇಸುವಿನ ಕಾಲದ ಪ್ಯಾಲೆಸ್ತೀನಿನ ಹಳ್ಳಿಗಳಲ್ಲೂ ದನಕ್ಕೆ, ಜನಕ್ಕೆ ಒಂದೇ ಸೂರು ಇರುವ ಮನೆಗಳಿದ್ದವು ಎಂದು ಆಮೇಲೆ ಓದಿದೆ. ಓದಿದಾಗ ಅಜ್ಜಿ ನೆನಪಾದಳು.

ಈಗ ಎತ್ತಿನ ವಿಷಯ. ಲೂಕನ ಸುವಾರ್ತೆಯಲ್ಲಿ ಗೋದಲಿ ಇದೆ, ಎತ್ತು ಇಲ್ಲ, ಕತ್ತೆಯೂ ಇಲ್ಲ. ಅವು ಬಂದದ್ದು ಯೆಶಾಯ ಪ್ರವಾದಿಯ ಪುಸ್ತಕದಿಂದ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ತಿಳಿಯಲಿಲ್ಲ ಎಂದು ದೇವರು ನೊಂದುಕೊಳ್ಳುವ ಮಾತು ಅದರ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಹಳೆಯ ಕ್ರೈಸ್ತರು ಎರಡನ್ನೂ ಸೇರಿಸಿದರು. 4ನೇ ಶತಮಾನದ ಕಲ್ಲಿನ ಕೆತ್ತನೆಗಳಲ್ಲೇ ಕೂಸಿನ ಪಕ್ಕ ಎತ್ತು, ಕತ್ತೆ ನಿಂತಿವೆ.

ನೀವು ನೋಡಿದಂಥ ಗೋದಲಿಯ ಪದ್ಧತಿ ಹರಡಿದ್ದು ಅಸ್ಸಿಸಿಯ ಸಂತ ಫ್ರಾನ್ಸಿಸರಿಂದ. 1223ರ ಕ್ರಿಸ್ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರು. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಅವರು ಆ ಊರಿನ ಗೆಳೆಯರೊಬ್ಬರಿಗೆ ಹೇಳಿ ಕಳಿಸಿದ್ದರು. ಕೂಸು ಎಂಥ ಕಷ್ಟದಲ್ಲಿ ಹುಟ್ಟಿತು, ಹುಲ್ಲಿನ ಮೇಲೆ ಹೇಗೆ ಮಲಗಿತ್ತು ಅನ್ನುವುದನ್ನು ಕಣ್ಣಾರೆ ಕಾಣಬೇಕು ಎಂಬುದು ಅವರ ಆಸೆ. ಗೋದಲಿ ಇಟ್ಟರು, ಹುಲ್ಲು ಹಾಸಿದರು, ಜೀವಂತ ಎತ್ತು, ಕತ್ತೆ ತಂದು ನಿಲ್ಲಿಸಿದರು. ಊರ ಜನ ಪಂಜು ಹಿಡಿದು ಬೆಟ್ಟ ಹತ್ತಿ ಬಂದರು. ಅಲ್ಲಿ ಅರಮನೆಯ ವೈಭವ ಏನೂ ಇರಲಿಲ್ಲ. ನಿಮ್ಮ ಹಟ್ಟಿಯಲ್ಲಿ ಇರುವಷ್ಟೇ ಇತ್ತು.

ಫ್ರಾನ್ಸಿಸರ ಜೀವನವನ್ನು ಮೊದಲು ಬರೆದವರು ಚೆಲಾನೊ ಊರಿನ ತೋಮಸ್. ಆ ರಾತ್ರಿ ಹಾಸಿದ್ದ ಹುಲ್ಲನ್ನು ಜನ ಎತ್ತಿಟ್ಟುಕೊಂಡರು, ಅದನ್ನು ತಿಂದ ದನಗಳ ಜಡ್ಡು ವಾಸಿಯಾಯಿತು ಎಂದು ಅವರು ಬರೆದಿದ್ದಾರೆ. ಕ್ರಿಸ್ಮಸ್ ದಿನ ಎತ್ತು, ಕತ್ತೆಗಳಿಗೆ ದಿನಕ್ಕಿಂತ ಜಾಸ್ತಿ ಮೇವು, ಕಾಳು ಕೊಡಬೇಕು ಎನ್ನುವುದು ಫ್ರಾನ್ಸಿಸರ ಮಾತು. ಚಕ್ರವರ್ತಿಯ ಹತ್ತಿರ ಮಾತಾಡಲು ಸಿಕ್ಕಿದರೆ, ಆ ದಿನ ಹಕ್ಕಿಗಳಿಗಾಗಿ ದಾರಿಯ ಮೇಲೆ ಕಾಳು ಚೆಲ್ಲಲು ಎಲ್ಲರಿಗೂ ಆಜ್ಞೆ ಮಾಡಿಸುತ್ತೇನೆ ಎಂದೂ ಹೇಳುತ್ತಿದ್ದರಂತೆ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸುವ ನಿಮಗೆ ಆ ಮನುಷ್ಯ ತಟ್ಟನೆ ಅರ್ಥ ಆಗುತ್ತಾರೆ.

ನಮ್ಮ ಮನೆ ಗೋದಲಿಯ ಎತ್ತಿನ ಕಥೆ ಹೇಳದೆ ಮುಂದೆ ಹೋಗಲಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯವರೆಲ್ಲ ಕುಂಬಾರರ ಮನೆಯಿಂದ ಹಸಿಮಣ್ಣಿನ ಎತ್ತು ತರುವಾಗ ಅಜ್ಜಿಯೂ ಒಂದು ಜೋಡಿ ತರುತ್ತಿದ್ದಳು. ಜೋಳದ ಗುಮ್ಮಿಯ ಮೇಲೆ ಜೋಪಾನವಾಗಿ ಇಟ್ಟು, ಡಿಸೆಂಬರಿನಲ್ಲಿ ಇಳಿಸುತ್ತಿದ್ದಳು. ಆರು ತಿಂಗಳಲ್ಲಿ ಮಣ್ಣು ಒಣಗಿ ಕಿವಿ, ಕೊಂಬು ಬಿರುಕು ಬಿಟ್ಟಿರುತ್ತಿದ್ದವು. ಸುಣ್ಣ ಸವರಿ, ಒಂದು ಎತ್ತನ್ನು ಗೋದಲಿಯಲ್ಲಿ ಕೂರಿಸುವಳು. ಇನ್ನೊಂದು ನನ್ನ ತಮ್ಮನ ಆಟಕ್ಕೆ. ಕತ್ತೆ ನಮ್ಮ ಗೋದಲಿಯಲ್ಲಿ ಇರಲೇ ಇಲ್ಲ.

ಈಗ ನನ್ನ ಹತ್ತಿರ ಇರುವುದು ನಿಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಎತ್ತು. ಹಗುರ ಮರದಲ್ಲಿ ಕಡೆದು, ಮರದ ಪುಡಿ ಮತ್ತು ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟ ಹಚ್ಚಿ, ಮೇಲೆ ಬಣ್ಣ ಬರೆದದ್ದು. ಇಣಿಯ ಮೇಲೆ ಕೆಂಪು ಜೂಲು, ಹಣೆಯಲ್ಲಿ ಒಂದು ಚುಕ್ಕಿ. ಇಪ್ಪತ್ತು ವರ್ಷದಿಂದ ಕೂಸಿನ ಬಲಗಡೆ ಅದರದೇ ಜಾಗ.

ಸಾಂತಾ ಕ್ಲಾಸನ್ನು ಹುಟ್ಟುಹಾಕಿದ್ದು ಕೋಕಾ ಕೋಲಾ ಕಂಪನಿ ಎನ್ನುತ್ತಾರೆ. ಹೌದಾ ಮೇಡಂ? (ಮಾನ್ವಿಯ ಓದುಗರು)

ಅಲ್ಲ ತಮ್ಮಾ. ಸಾಂತಾನ ಮೂಲ ನಿಕೋಲಾಸ್ ಎಂಬ ಬಿಷಪ್. ಈಗಿನ ಟರ್ಕಿಯ ಮೀರಾ ಎಂಬ ಊರಿನಲ್ಲಿ 4ನೇ ಶತಮಾನದಲ್ಲಿ ಇದ್ದವರು. ಅವರ ಹಬ್ಬ ಡಿಸೆಂಬರ್ 6. ಅವರ ಬಗ್ಗೆ ಒಂದು ಕಥೆ ಇದೆ. ಒಬ್ಬ ಬಡ ತಂದೆಗೆ ಮೂರು ಹೆಣ್ಣುಮಕ್ಕಳು. ವರದಕ್ಷಿಣೆ ಕೊಡಲು ಕೈಯಲ್ಲಿ ಏನೂ ಇಲ್ಲ. ಮಕ್ಕಳನ್ನು ಮಾರುವ ಸ್ಥಿತಿಗೆ ಬಂದಿದ್ದ. ನಿಕೋಲಾಸ್ ರಾತ್ರಿ ಹೊತ್ತು ಯಾರಿಗೂ ಕಾಣದ ಹಾಗೆ ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರು. ಹೀಗೆ ಮೂರು ಸಲ, ಒಬ್ಬೊಬ್ಬಳಿಗೆ ಒಂದೊಂದು. ಗಂಟು ಒಣಗಲು ಹಾಕಿದ್ದ ಕಾಲುಚೀಲದಲ್ಲಿ ಬಿತ್ತು ಎಂದು ಆಮೇಲಿನವರು ಸೇರಿಸಿದರು. ಮಕ್ಕಳು ಕಾಲುಚೀಲ ಕಟ್ಟುವುದು ಅದಕ್ಕೇ.

ಈ ಕಥೆಯನ್ನು ನಾನು ಪ್ರತಿ ವರ್ಷ ಹತ್ತನೇ ಕ್ಲಾಸಿನ ಹುಡುಗಿಯರಿಗೆ ಹೇಳುತ್ತಿದ್ದೆ. ಮೂರು ಹೆಣ್ಣುಮಕ್ಕಳ ಬಡ ಅಪ್ಪ ಎಂದ ಕೂಡಲೇ ಕ್ಲಾಸು ನಿಶ್ಶಬ್ದ ಆಗುತ್ತಿತ್ತು. ಅವರಲ್ಲಿ ಎಷ್ಟೋ ಜನಕ್ಕೆ ಆ ಅಪ್ಪ ಗೊತ್ತಿದ್ದ.

ಡಚ್ಚರು ಈ ಸಂತನನ್ನು ಸಿಂಟರ್‌ಕ್ಲಾಸ್ ಎಂದು ಕರೆದರು. ಆ ಹೆಸರು ಅಮೆರಿಕಕ್ಕೆ ಹೋಗಿ ಸಾಂತಾ ಕ್ಲಾಸ್ ಆಯಿತು. ಎಂಟು ಹಿಮಸಾರಂಗ ಎಳೆಯುವ ಗಾಡಿ ಬಂದದ್ದು 1823ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾದ ಒಂದು ಪದ್ಯದಿಂದ. ದಪ್ಪ ಹೊಟ್ಟೆ, ಬಿಳಿ ಗಡ್ಡದ ರೂಪಕ್ಕೆ ಥಾಮಸ್ ನ್ಯಾಸ್ಟ್ ಎಂಬ ಚಿತ್ರಕಾರ 1863ರಿಂದ ವರ್ಷ ವರ್ಷ ಕೈ ಆಡಿಸಿದರು. ಕೆಂಪು ಅಂಗಿಯೂ ಅವರ ಚಿತ್ರಗಳಲ್ಲೇ ಇತ್ತು. ಕೋಕಾ ಕೋಲಾದ ಹೆಸರಾದ ಜಾಹೀರಾತು ಚಿತ್ರಗಳು 1931ರಿಂದ ಈಚೆಗಿನವು. ಕಂಪನಿ ಆ ಮುಖವನ್ನು ಲೋಕಕ್ಕೆಲ್ಲ ತಲುಪಿಸಿತು, ಅಷ್ಟೇ.

ಕ್ರಿಸ್ಮಸ್ ಅನ್ನು ‘ಎಕ್ಸ್‌ಮಸ್’ ಎಂದು ಬರೆದರೆ ಕ್ರಿಸ್ತನಿಗೆ ಅವಮಾನವಾ? (ರಾಯಚೂರಿನ ಓದುಗರು)

ಅವಮಾನ ಅಲ್ಲ. ಗ್ರೀಕ್ ಭಾಷೆಯಲ್ಲಿ ಕ್ರಿಸ್ತ ಎಂಬ ಹೆಸರಿನ ಮೊದಲ ಅಕ್ಷರ ನೋಡಲು ಎಕ್ಸ್ ಹಾಗೇ ಇದೆ. ಅದನ್ನು ‘ಖಿ’ ಎನ್ನುತ್ತಾರೆ. ನೂರಾರು ವರ್ಷದಿಂದ ಭಕ್ತರೇ ಹಾಗೆ ಬರೆಯುತ್ತಾ ಬಂದಿದ್ದಾರೆ.

ಮನೆ ಮುಂದೆ ನಕ್ಷತ್ರ ಕಟ್ಟುವುದು ಯಾಕೆ? ನಮ್ಮ ಆಕಾಶಬುಟ್ಟಿಗೂ ಅದಕ್ಕೂ ಸಂಬಂಧ ಇದೆಯಾ? (ಸಂಡೂರಿನ ಓದುಗರು)

ಮೂಡಣ ದೇಶದ ಜೋಯಿಸರು ಒಂದು ನಕ್ಷತ್ರ ಕಂಡು ಕೂಸನ್ನು ಹುಡುಕಿಕೊಂಡು ಬಂದರು ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಕನ್ನಡ ಬೈಬಲಿನಲ್ಲಿ ಅವರನ್ನು ಜೋಯಿಸರು ಎಂದೇ ಕರೆದಿದ್ದಾರೆ. ಎಷ್ಟು ಜನ ಎಂದು ಅಲ್ಲಿ ಇಲ್ಲ. ಚಿನ್ನ, ಧೂಪ, ರಕ್ತಬೋಳ ಹೀಗೆ ಕಾಣಿಕೆ ಮೂರು ಇದ್ದುದರಿಂದ ಮೂವರು ಎಂದು ಜನ ಎಣಿಸಿಕೊಂಡರು.

ಕಾಗದದ ನಕ್ಷತ್ರದ ಒಂದು ಹೆಸರಾದ ಬಗೆ ಹುಟ್ಟಿದ್ದು ಶಾಲೆಯಲ್ಲಿ. ನಾನು ಟೀಚರಾದ್ದರಿಂದ ನನಗೆ ಈ ಕಥೆ ತುಂಬ ಇಷ್ಟ. ಜರ್ಮನಿಯ ನೀಸ್ಕಿ ಎಂಬ ಊರಲ್ಲಿ ಮೊರಾವಿಯನ್ ಪಂಥದವರ ಹುಡುಗರ ಶಾಲೆ ಇತ್ತು. 1830ರ ದಶಕದಲ್ಲಿ ಅಲ್ಲಿ ರೇಖಾಗಣಿತ ಕಲಿಸಲು ಕಾಗದದಲ್ಲಿ ಹಲವು ಮೂಲೆಗಳ ನಕ್ಷತ್ರ ಮಾಡಿಸಿದರು. ಹುಡುಗರು ಅದನ್ನು ಮನೆಮನೆಗೂ ಒಯ್ದರು. ಆಕಾಶಬುಟ್ಟಿಯ ಬೇರು ಬೇರೆ. ಆದರೆ ಕಟ್ಟುವ ಕೈ ನಮ್ಮಲ್ಲಿ ಒಂದೇ: ಬಿದಿರ ಸೀಳು, ಗಾಳಿಪಟದ ಹಾಳೆ, ಮೈದಾ ಅಂಟು.

ನನ್ನ ಹತ್ತನೇ ವಯಸ್ಸಿನಲ್ಲಿ ಅಪ್ಪ ಕಟ್ಟಿದ ನಕ್ಷತ್ರದೊಳಗೆ ಎಣ್ಣೆ ಬುಡ್ಡಿ ಇಟ್ಟಿದ್ದರು. ಗಾಳಿ ಬೀಸಿತು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಾಳೆಯೆಲ್ಲ ಉರಿದು, ಬಿದಿರಿನ ಅಸ್ಥಿಪಂಜರ ಮಾತ್ರ ಉಳಿಯಿತು. ನಾನು ಅತ್ತೆ. ಪಕ್ಕದ ಮನೆಯ ಕಾಕಾ ತಮ್ಮ ದೀಪಾವಳಿಯ ಆಕಾಶಬುಟ್ಟಿ ತಂದು ಅದೇ ಗಳಕ್ಕೆ ಕಟ್ಟಿದರು. ಆ ವರ್ಷ ನಮ್ಮ ಮನೆ ಮುಂದೆ ಅದೇ ಬೆಳಗಿತು. ನೀವು ಬಲ್ಬು ಹಾಕುವುದಾದರೂ ಹಾಳೆಗೆ ತಾಗದ ಹಾಗೆ ಹಾಕಿ, ಎಲ್‌ಇಡಿ ಇದ್ದರೆ ಇನ್ನೂ ಒಳ್ಳೆಯದು.

ಅಕ್ಕಾ, ನನ್ನ ಸೊಸೆ ಕ್ರೈಸ್ತರ ಮನೆ ಮಗಳು. ಹಬ್ಬಕ್ಕೆ ಕೇಕ್ ಮಾಡಲೇಬೇಕಾ? ನನಗೆ ಬರುವುದು ಕರ್ಚಿಕಾಯಿ. (ಬಳ್ಳಾರಿಯ ಗೃಹಿಣಿ)

ತಂಗೀ, ಕರ್ಚಿಕಾಯಿಯನ್ನೇ ಮಾಡಿ. ನಿಮ್ಮ ಸೊಸೆ ಅತ್ತುಬಿಡುತ್ತಾಳೆ, ಸಂತೋಷಕ್ಕೆ. ಗೋವಾ, ಮಂಗಳೂರಿನ ಕ್ರೈಸ್ತರು ಹಬ್ಬಕ್ಕೆ ಹಂಚುವ ತಿಂಡಿಗಳಿಗೆ ಕುಸ್ವಾರ್ ಎನ್ನುತ್ತಾರೆ. ಅದರಲ್ಲಿ ನೆವ್ರಿ ಇರಲೇಬೇಕು. ನೆವ್ರಿ ಎಂದರೆ ನಮ್ಮ ಕರ್ಚಿಕಾಯಿಯೇ. ನಾನು ಪುಟಾಣಿ ಹಿಟ್ಟು, ಒಣಕೊಬ್ಬರಿ, ಬೆಲ್ಲ, ಗಸಗಸೆ, ಏಲಕ್ಕಿ ತುಂಬುತ್ತೇನೆ. ಅಂಚಿಗೆ ಹಾಲು ಸವರಿ ಒತ್ತಿದರೆ ಎಣ್ಣೆಯಲ್ಲಿ ಬಾಯಿ ಬಿಡುವುದಿಲ್ಲ.

ಕೇಕ್ ಇಂಗ್ಲೆಂಡಿನಿಂದ ಬಂದದ್ದು. ಹಿಂದೆ ಅಲ್ಲಿ ‘ಪ್ಲಮ್’ ಎಂದರೆ ಒಣದ್ರಾಕ್ಷಿಯೂ ಆಗಿತ್ತು. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರದಿರುವುದು ಅದಕ್ಕೇ. ನಮ್ಮ ದೇಶದಲ್ಲಿ ಅದನ್ನು ಮೊದಲು ಮಾಡಿದ್ದು ಕೇರಳದ ತಲಶ್ಶೇರಿಯ ಮಾಂಬಳ್ಳಿ ಬಾಪು ಎನ್ನುತ್ತಾರೆ. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಮಾಲೀಕ ಇಂಗ್ಲೆಂಡಿನಿಂದ ತಂದ ಕೇಕ್ ತೋರಿಸಿ, ಇಂಥದ್ದು ಮಾಡಿಕೊಡು ಎಂದನಂತೆ. ಬಾಪು ಊರಲ್ಲಿ ಸಿಗುವ ಗೇರುಹಣ್ಣು, ಬಾಳೆಹಣ್ಣಿನ ಮದ್ಯವನ್ನೇ ಸೇರಿಸಿ ಮಾಡಿದರು. ರುಚಿ ನೋಡಿದ ಬ್ರೌನ್ ಇನ್ನೂ ಒಂದು ಡಜನ್ ಬೇಕೆಂದನಂತೆ.

ನಕ್ಷತ್ರ, ಗೋದಲಿ ಎಂದು ತೆಗೆಯಬೇಕು? (ಕುರುಗೋಡಿನ ಓದುಗರು)

ಜನವರಿ 6ರವರೆಗೆ ಇಡಿ. ಡಿಸೆಂಬರ್ 25ರಿಂದ ಹನ್ನೆರಡು ದಿನ ಹಬ್ಬ ಎಂಬುದು ಹಳೆಯ ಲೆಕ್ಕ. 6ನೇ ತಾರೀಖು ಜೋಯಿಸರು ಕೂಸನ್ನು ಕಂಡ ದಿನ. ನಮ್ಮ ಮನೆಯಲ್ಲಿ ಅವರ ಬೊಂಬೆಗಳು ಮೊದಲು ಕಿಟಕಿಯ ಹತ್ತಿರ ಇರುತ್ತವೆ. ಮೊಮ್ಮಕ್ಕಳು ದಿನಕ್ಕೆ ಒಂದು ಗೇಣು ಮುಂದೆ ಸರಿಸುತ್ತಾರೆ. 6ಕ್ಕೆ ಗೋದಲಿ ಮುಟ್ಟುತ್ತವೆ.

ಹಬ್ಬಕ್ಕೆ ಹತ್ತು ದಿನ ಮೊದಲು ತಟ್ಟೆಯಲ್ಲಿ ಕರಿಮಣ್ಣು ಹಾಕಿ ಗೋಧಿ ಬಿತ್ತುತ್ತೇನೆ, ದಸರೆಗೆ ಘಟ ಕೂರಿಸಿದಾಗ ಸಸಿ ಬೆಳೆಸುವ ಹಾಗೆ. ಗೋದಲಿಯ ಸುತ್ತ ಅದೇ ಹುಲ್ಲು. 6ರ ಸಂಜೆ ಬೊಂಬೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಇಡುತ್ತೇವೆ. ಎತ್ತನ್ನು ಕೊನೆಗೆ ಇಡುವುದು. ಆಮೇಲೆ ಆ ಹುಲ್ಲಿನ ತಟ್ಟೆ ಎತ್ತಿಕೊಂಡು ಹಿಂದಿನ ಓಣಿಗೆ ಹೋಗುತ್ತೇನೆ. ಅಲ್ಲಿ ಒಬ್ಬರ ಮನೆಯಲ್ಲಿ ಇನ್ನೂ ಒಂದು ಹಸು ಇದೆ. ನನ್ನ ಸದ್ದು ಕೇಳಿದರೆ ಅದು ಗೋದಲಿಯಿಂದ ಕತ್ತು ಚಾಚುತ್ತದೆ.